ನೊರೆ ನಿಂತ ದಿನ

ವಾರಕ್ಕೆರಡು ಸಲ
ಹಾಲೇಶಪ್ಪನವರ ದೋಸೆ ಹೋಟೆಲಿಗೆ ಹಿಂಬಾಗಿಲಿಂದ ಹೋಗುತ್ತೇನೆ.
ಫ್ಯಾಮಿಲಿ ರೂಮಿನ ಗೋಡೆಗೆ ಆನಿಸಿಟ್ಟ ನಾಲ್ಕಡಿ ಸಮುದ್ರ,
ಎರಡು ಕಿತ್ತಳೆ ಮೀನು, ಒಂದು ಹಳದಿ,
ಕಲ್ಲಿನ ಸಂದಿಯಲ್ಲಿ ಯಾರ ಕಣ್ಣಿಗೂ ಬೀಳದ ಸಿಗಡಿ.

ನನ್ನ ಕೆಲಸ ಮೇಲಿನದಲ್ಲ, ಕೆಳಗಿನ ಕಪಾಟಿನದು.
ಅಲ್ಲಿ ಸ್ಕಿಮ್ಮರು: ಮೊಳದುದ್ದ ಕೊಳವೆ,
ಗಾಳಿಯನ್ನು ಹಿಟ್ಟಿನಷ್ಟು ನುಣ್ಣಗೆ ಬೀಸಿ
ನೀರಿಗೆ ಕಲಸುತ್ತದೆ ಹಗಲೂ ರಾತ್ರಿ.
ಮೀನು ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು
ಗುಳ್ಳೆಯ ಬೆನ್ನು ಹತ್ತಿ ಮೇಲೇರಿ
ಬಟ್ಟಲಿಗೆ ಬೀಳುತ್ತದೆ, ಕಷಾಯದ ಬಣ್ಣ.
ವಾಸನೆ ಹೇಳುವುದಿಲ್ಲ,
ಪಕ್ಕದಲ್ಲಿ ಜನ ಉಣ್ಣುತ್ತಿದ್ದಾರೆ.

ಮೊದಲ ವಾರ ಬಟ್ಟಲು ಖಾಲಿ.
"ಏನಪ್ಪಾ ಇನಾಯತ್, ಬರೀ ಬುಡುಬುಡು ಅನ್ನಾಕೆ ಹದಿನೆಂಟು ಸಾವ್ರವಾ?"
"ಹೊಸ ಹೆಂಚಿಗೆ ಮೊದಲ ದೋಸೆ ಎದ್ದಿತ್ತಾ ಸಾಹುಕಾರ್ರೇ?
ಇದೂ ಪಳಗಬೇಕು."
ಆ ಮಾತು ಅವರಿಗೆ ಹಿಡಿಸಿತು.

ಬಟ್ಟಲು ತುಂಬದಿದ್ದರೂ ಕೊಳವೆಯ ಕತ್ತು ಒರೆಸಬೇಕು,
ಜಿಡ್ಡು ಕೂತ ಕತ್ತಿನಲ್ಲಿ ನೊರೆ ಅರ್ಧಕ್ಕೇ ಸೋಲುತ್ತದೆ.
ಗಾಳಿಯ ನಳಿಕೆಗೆ ಉಪ್ಪು ಕಚ್ಚಿದರೆ ಬಿಸಿನೀರು.
ತಿಂಗಳಿಗೊಮ್ಮೆ ಪಂಪು ಬಿಚ್ಚಿ
ವಿನೆಗರಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷು.
ನಳಿಕೆಯ ಬಾಯಿಗೆ ಒಂದು ಚೂರು ಹತ್ತಿ ಇಟ್ಟಿದ್ದೇನೆ,
ವಾರದಲ್ಲಿ ಕರ್ರಗಾಗುತ್ತದೆ.
ಅದರಲ್ಲಿ ನಮ್ಮ ಭಟ್ಟಿಯ ಹೊಗೆಯೂ ಇದೆ, ನಾನು ಬಲ್ಲೆ,
ಬಾಷಾ ನಗರದಿಂದ ಇಲ್ಲಿಗೇನು ಮಹಾ ದೂರ.

ಭಟ್ಟಿಯ ಹಿತ್ತಲಲ್ಲೇ ನನ್ನ ನೀಲಿ ಡ್ರಮ್ಮು.
ಭದ್ರೆಯ ನಾಲೆನೀರು ಸೋಸಿ, ಮತ್ತೆ ಸೋಸಿ,
ಅದಕ್ಕೆ ತನ್ನ ಊರೇ ಮರೆಸಿ, ಉಪ್ಪು ಕಲಸುತ್ತೇನೆ.
ಅಮ್ಮಿ ಅಕ್ಕಿ ಹದ ನೋಡಲು ಹೋಗುತ್ತ
ನನ್ನ ಡ್ರಮ್ಮಿಗೂ ಒಂದು ಬೆರಳದ್ದಿ ನಾಲಿಗೆಗಿಟ್ಟು
"ನಮಕ್ ಕಮ್ ಹೈ ರೇ" ಅಂದಳು.
ದುಡ್ಡು ಕೊಟ್ಟು ತಂದ ಮಾಪಕಕ್ಕೆ ಒಂದು ಹನಿ ಬಿಟ್ಟು ನೋಡಿದೆ,
ಮೂವತ್ತೆರಡು. ಇರಬೇಕಾದ್ದು ಮೂವತ್ತೈದು.
ಜೈತುನ್‌ಬಿ ಸಮುದ್ರ ಕಂಡವಳಲ್ಲ,
ನಲವತ್ತು ವರ್ಷ ಮಂಡಕ್ಕಿ ಕಂಡವಳು.

ಶನಿವಾರ ಸಂಜೆ ಫೋನು:
"ನೊರೆ ನಿಂತೈತಿ. ಬಾ."

ಪಂಪು ತಿರುಗುತ್ತಿದೆ, ನೀರಿನ ಮಟ್ಟ ಸರಿ,
ನಳಿಕೆಗೆ ಬೆರಳಿಟ್ಟರೆ ಗಾಳಿ ಎಳೆಯುತ್ತದೆ.
ಗುಳ್ಳೆಗಳಿವೆ, ಒಂದಕ್ಕೊಂದು ಅಂಟುತ್ತಿಲ್ಲ,
ಬಸ್ ಸ್ಟ್ಯಾಂಡಿನ ಜನದ ಹಾಗೆ ಬಂದು, ಒಡೆದು, ಹೋಗುತ್ತಿವೆ.
ಬಿಚ್ಚಿದೆ. ಜೋಡಿಸಿದೆ. ಮತ್ತೆ ಬಿಚ್ಚಿದೆ.
ಆಮೇಲೆ ಕಂಡಿತು,
ಗಾಜಿನ ಅಂಚಿಗೆ ನಾಲ್ಕು ಬೆರಳಿನ ಗುರುತು, ಮಿರಮಿರ.

ಬೆಣ್ಣೆ.

ಮೊಮ್ಮಗಳ ಕ್ಲಿಪ್ಪು ಒಳಗೆ ಬಿದ್ದಿತ್ತಂತೆ.
ಹೆಂಚಿನ ಮುಂದಿಂದ ನೇರ ಬಂದ ಕೈ, ಮೊಣಕೈತನಕ.
"ಒರೆಸ್ಕಂಡಿದ್ನಪ್ಪಾ" ಅಂದರು, ಆ ಕೈಯನ್ನೇ ನೋಡಿಕೊಳ್ಳುತ್ತ.
ಮೂವತ್ತು ವರ್ಷದ ಬೆಣ್ಣೆ ಒಂದು ಟವೆಲ್ಲಿಗೆ ಹೋಗುತ್ತದೆಯೇ?
ಈ ಊರನ್ನು ಸಾಕಿದ ಬೆಣ್ಣೆ
ಒಂದು ಸಮುದ್ರವನ್ನು ಸದ್ದಿಲ್ಲದೆ ಮಲಗಿಸಿತ್ತು.

"ಈಗೇನು ಮಾಡಾದು?"
"ಏನೂ ಮಾಡಬಾರದು. ತಿರುಪು ಮುಟ್ಟಬಾರದು.
ನೊರೆ ಬರಲಿಲ್ಲವೆಂದು ನೀರು ಏರಿಸಿದವರ ಮನೆಯಲ್ಲಿ
ಮಧ್ಯರಾತ್ರಿ ಅದು ಎದ್ದು ಉಕ್ಕಿ ಹಾಸುಗಲ್ಲೆಲ್ಲ ತೊಳೆದಿದೆ."

ಕಪಾಟಿನ ಬಾಗಿಲು ತೆಗೆದಿಟ್ಟು ಇಬ್ಬರೂ ಕೂತೆವು,
ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ.
ಅವರು ನನಗೊಂದು ದೋಸೆ ತರಿಸಿದರು.
ಹುಟ್ಟಿದ ಮೇಲೆ ಮೊದಲ ಸಲ
ಚಮಚ ಕೇಳಿ ದೋಸೆ ತಿಂದೆ.

ಹತ್ತೂವರೆಗೆ ಶಟರ್ ಎಳೆದರು. ನೊರೆ ಬಂದಿರಲಿಲ್ಲ.

ಭಾನುವಾರ ಬೆಳಗ್ಗೆ ಸಾಹುಕಾರರ ಫೋಟೋ, ಅಕ್ಷರ ಒಂದೂ ಇಲ್ಲ,
ಬಟ್ಟಲ ತುಂಬ ಕಪ್ಪು, ಮೇಲೆ ಕಂದು ನೊರೆಯ ಟೋಪಿ.
ಮರಳು ಕಾಯುವುದನ್ನು ನೋಡುತ್ತಿದ್ದ ಅಮ್ಮಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಫೋನು ದೂರ ಹಿಡಿದು
"ಚಾಯ್?" ಅಂದಳು.